ತುಂಬಿದ ಟ್ಯಾಂಕಿಗೆ ಉರಿದ ದೀಪ

ಈಗಲೂ ನಿಲ್ಲಿಸಿದರೆ ಸುತ್ತೂರು ದಾಟಿದ ಮೇಲೆ ಇದು ಮೂರನೇ ಸಲ. ನಿಲ್ಲಿಸದೆ ಹೋದರೆ? ಎಂಜಿನ್ ತಣಿಸುವ ಟ್ಯಾಂಕಿನ ತುಂಬ ನೀರಿರುವುದನ್ನು ಹತ್ತು ನಿಮಿಷದ ಹಿಂದೆ ತಾನೇ ಬಗ್ಗಿ ನೋಡಿದ್ದಾಗಿದೆ. ಆದರೂ ಎದುರಿನ ಕೆಂಪು ದೀಪ ನೀರಿಲ್ಲ, ನೀರಿಲ್ಲ ಎಂದು ಉರಿಯುತ್ತಿದೆ, ಬಜರ್ ಕಿವಿ ಕೊರೆಯುತ್ತಿದೆ. ಸುಳ್ಳೆಂದು ಓಡಿಸಿ, ಈ ಒಂದು ಸಲ ಮಾತ್ರ ಅದು ನಿಜವಾಗಿಬಿಟ್ಟರೆ ಎಂಜಿನ್ ಕಚ್ಚಿಕೊಂಡೀತು. ರಂಗನಾಯಕ ಲಾರಿಯನ್ನು ಹುಣಸೆಮರದ ಬುಡಕ್ಕೆ ತಂದು ನಿಲ್ಲಿಸಿ ಇಳಿದು ನೋಡಿದ. ನೀರು ಇದ್ದಷ್ಟೇ ಇತ್ತು.

ಎರಡು ಸಾವಿರದ ಎಂಟನೇ ಇಸವಿಯ ಮಾತು. ನರಸೀಪುರದ ರೈಸ್ ಮಿಲ್ಲಿನ ಯಜಮಾನರಾದ ಗಂಗಾಧರಸ್ವಾಮಿಯವರು ಹತ್ತು ಚಕ್ರದ ಹೊಸ ಲಾರಿ ತಂದಾಗ, ಹದಿನಾಲ್ಕು ವರ್ಷ ಹಳೇ ಲಾರಿ ಎಳೆದಾಡಿದ್ದ ರಂಗನಾಯಕನನ್ನೇ ಕರೆದು ಕೀಲಿ ಕೊಟ್ಟಿದ್ದರು. ಅವನು ಕ್ಯಾಬಿನ್ನಿಗೆ ಚಪ್ಪಲಿ ಬಿಟ್ಟು ಹತ್ತುತ್ತಿದ್ದ. ಆದರೆ ಈ ದೀಪದ ದೆಸೆಯಿಂದ ನಂಜನಗೂಡಿಗೆ ತೌಡು ಸೇರುವುದು ಎರಡು ಸಲ ತಡವಾಗಿ, ಯಜಮಾನರು ಹೇಳಿಬಿಟ್ಟಿದ್ದರು: "ಗುರುವಾರದೊಳಗೆ ಅದು ಆರಬೇಕು ಕಣೋ. ಇಲ್ದಿದ್ರೆ ನೀನು ಹಳೇ ಗಾಡಿ ಹತ್ತು, ಇದನ್ನ ಸಿದ್ದು ಓಡಿಸ್ಲಿ."

ಇವತ್ತೇ ಗುರುವಾರ.

ಮೂಗೂರು ರಸ್ತೆಯ ತಗಡಿನ ಶೆಡ್ಡಿನಲ್ಲಿ ಮೆಕ್ಯಾನಿಕ್ ಮಂಟೇಸ್ವಾಮಿ ಟ್ಯಾಂಕಿನಲ್ಲಿ ನೀರಿದೆಯೇ ಎಂದು ತಿಳಿಸುವ ಸೆನ್ಸರನ್ನು ಆಗಲೇ ಒಮ್ಮೆ ಬದಲಾಯಿಸಿ ಸೋತಿದ್ದ. ಇಡೀ ಲಾರಿ ಬಿಚ್ಚಿ ಜೋಡಿಸಬಲ್ಲವನಿಗೆ ಒಂದು ದೀಪ ಬಗ್ಗದಿದ್ದುದು ಅನ್ನ ಸೇರದಂತೆ ಮಾಡಿತ್ತು.

"ಬಂತೇನ್ಲಾ ರಂಗ, ನಿನ್ ಅಳುಬುರುಕಿ? ಇವತ್ತು ಅದಿರ್ಬೇಕು, ಇಲ್ಲಾ ನಾನಿರ್ಬೇಕು."

"ಅದೇ ಇರ್ತದೆ ಬುಡು ಮಂಟೇಸಣ್ಣ. ಕಂಪ್ನಿ ಗಾಡಿ, ಗಟ್ಟಿ."

ಎಂಜಿನ್ ತಣಿಯುವವರೆಗೂ ಕಾದರು. ಮಂಟೇಸ್ವಾಮಿ ಸೆನ್ಸರಿನ ವೈರ್ ಕಿತ್ತು, ಅದರ ಎರಡು ತುದಿಗೆ ತುಂಡು ತಂತಿ ತಾಗಿಸಿದ. ದೀಪ ಆರಿತು. "ವೈರ್ ಸರೀಗೈತೆ. ಮೀಟ್ರೂ ಸರೀಗೈತೆ. ಸೆನ್ಸರ್ ಒಸ್ದು. ಮತ್ಯಾಕ್ಲಾ ಉರೀತದೆ?"

ಅಷ್ಟರಲ್ಲಿ ಯಜಮಾನರ ಸ್ಕೂಟರ್ ಬಂತು. ಅವರು ಇಳಿಯಲಿಲ್ಲ. ಒಂದು ಕಾಲು ನೆಲಕ್ಕೆ ಊರಿ ನೋಡುತ್ತ ಕೂತರು.

ಮಂಟೇಸ್ವಾಮಿ ಸೆನ್ಸರನ್ನು ಟ್ಯಾಂಕಿನಿಂದ ತಿರುಗಿಸಿ ತೆಗೆದ. ಮತ್ತೆ ವೈರ್ ಸಿಕ್ಕಿಸಿ, ಏನು ತೋಚಿತೋ, ಕೈ ತೊಳೆಯಲು ಇಟ್ಟಿದ್ದ ಪ್ಲಾಸ್ಟಿಕ್ ಜಗ್ಗಿನ ನೀರಿಗೆ ಇಳಿಬಿಟ್ಟ. ಐದಾರು ಸೆಕೆಂಡಿಗೆ ದೀಪ ಆರಿತು. ಟ್ಯಾಂಕಿನ ನೀರನ್ನು ಒಂದು ಮಗ್ಗಿಗೆ ತೆಗೆದುಕೊಂಡು ಅದರಲ್ಲಿ ಅದ್ದಿದ. ಉರಿಯಿತು. ಜಗ್ಗಿಗೆ ಹಾಕಿದ, ಆರಿತು. ಮಗ್ಗಿಗೆ ಹಾಕಿದ, ಉರಿಯಿತು.

"ಲೇ, ಯಾವ್ ನೀರ್ಲಾ ಇದು?"

"ಬ್ಯಾಟರಿ ನೀರು. ನಂಜನಗೂಡಲ್ಲಿ ಓಸ್ ಪೈಪು ಒಡ್ದು ಕೂಲೆಂಟೆಲ್ಲ ಚೆಲ್ಲೋಯ್ತಲ್ಲ, ಆವತ್ತು ತುಂಬಿಸ್ದೆ."

ಮಂಟೇಸ್ವಾಮಿ ತೊಡೆ ತಟ್ಟಿಕೊಂಡು ಕುಣಿದೇಬಿಟ್ಟ. "ಸಾ, ಬನ್ನಿ ಇಲ್ಲಿ! ನೀರಲ್ಲಿ ಒಸಿ ಉಪ್ಪೋ ಕೂಲೆಂಟೋ ಇದ್ರೆ ತಾನೇ ಕರೆಂಟ್ ದಾಟೋದು? ಬ್ಯಾಟರಿ ನೀರು ಬಟ್ಟಿ ಇಳ್ಸಿದ್ದು. ಇವ್ನು ಎಷ್ಟು ಚೊಕ್ಕ ನೀರು ಆಕವ್ನೆ ಅಂದ್ರೆ, ಸೆನ್ಸರಿಗೆ ಅದು ನೀರು ಅಂತ್ಲೇ ಗೊತ್ತಾಯ್ತಿಲ್ಲ!" ಎದುರಿನ ಟೀ ಅಂಗಡಿಯ ಮಾದಮ್ಮನನ್ನೂ ಕೂಗಿ ಕರೆದು ಜಗ್ಗು, ಮಗ್ಗು ಎರಡನ್ನೂ ತೋರಿಸಿದ.

"ಇನ್ನೊಂದ್ಸಲ ಮಾಡಪ್ಪ," ಎಂದಳು ಮಾದಮ್ಮ, ಸೆರಗಿಗೆ ಕೈ ಒರೆಸಿಕೊಳ್ಳುತ್ತ. ಅವನು ಮೂರು ಸಲ ಮಾಡಿದ.

ಯಜಮಾನರು ಮಾತ್ರ ನಗಲಿಲ್ಲ. "ಬ್ಯಾಟರಿ ನೀರು ತುಂಬು ಅಂತ ನಿಂಗೆ ಯಾರೋ ಹೇಳಿದ್ದು?"

ಹೋಸ್ ಒಡೆದ ದಿನ ರಂಗನಾಯಕ ಮಂಟೇಸ್ವಾಮಿಗೇ ಫೋನು ಮಾಡಿ ಕೇಳಿದ್ದ. ಯಾವುದೋ ಲಾರಿಯ ಅಡಿಯಲ್ಲಿ ಮಲಗಿದ್ದವನು ಅಲ್ಲಿಂದಲೇ ಕೂಗಿದ್ದ: "ಬೋರ್ ನೀರು ಆಕ್ಬೇಡ ಕಣ್ಲಾ, ಬರೀ ಬ್ಯಾಟರಿ ನೀರು ತುಂಬು." ಆ ದನಿ ಈಗಲೂ ಕಿವಿಯಲ್ಲಿತ್ತು. ಕೂಗಿದವನಿಗೆ ಅದು ನೆನಪೇ ಇರಲಿಲ್ಲ. ಮಗ್ಗು ಹಿಡಿದು ನಿಂತಿದ್ದ ಮಂಟೇಸ್ವಾಮಿಯ ಮುಖ ನೋಡಿದ ರಂಗನಾಯಕ. ಇಷ್ಟು ವರ್ಷದಲ್ಲಿ ಆ ಮುಖವನ್ನು ಇಷ್ಟು ಹಿಗ್ಗಿನಲ್ಲಿ ಅವನು ಕಂಡಿರಲಿಲ್ಲ.

"ನಂದೇ ಬುದ್ಧಿ ಸಾ. ಒಸ ಗಾಡಿ, ಒಳ್ಳೇ ನೀರು ಕುಡೀಲಿ ಅಂತ."

ಯಜಮಾನರು ಸ್ಕೂಟರಿಗೆ ಸ್ಟ್ಯಾಂಡ್ ಹಾಕಿ ನಿಧಾನವಾಗಿ ಬಂದರು. ಮಗ್ಗಿನೊಳಗೆ ಇಣುಕಿದರು. ರಂಗನಾಯಕ ಲಾರಿಯ ಬಾಗಿಲನ್ನು ಗಟ್ಟಿಯಾಗಿ ಹಿಡಿದುಕೊಂಡ. ಯಜಮಾನರ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ನಗು ಹೊರಬಂತು.

"ಯಜಮಾನ ನಾನು, ನಾನೇ ಕುಡಿಯೋದು ಬೋರ್ ನೀರು ಕಣೋ! ಲಾರಿಗೆ ಇಷ್ಟು ಮಡೀನಾ? ಹೋಗು, ನಾಳೆ ಲೋಡಿಗೆ ನೀನೇ ಹೋಗು. ಸಿದ್ದುಗೆ ನಾನು ಹೇಳ್ತೀನಿ."

ಅರ್ಧ ನೀರು ಇಳಿಸಿ ಕೂಲೆಂಟ್ ಬೆರೆಸಿದರು. ದೀಪ ಆರಿತು. ಮಾರನೆಯ ದಿನ ನಂಜನಗೂಡು ಸೇರುವವರೆಗೂ ಅದು ಹೊತ್ತಲಿಲ್ಲ. ಬಜರ್ ಇಲ್ಲದ ಕ್ಯಾಬಿನ್ನಿನಲ್ಲಿ ರಂಗನಾಯಕ ದಾರಿಯುದ್ದಕ್ಕೂ ಅಪಸ್ವರದಲ್ಲಿ ಹಾಡಿಕೊಂಡ.

ಶೆಡ್ಡಿಗೆ ಬರುವ ಡ್ರೈವರುಗಳಿಗೆಲ್ಲ ಮಂಟೇಸ್ವಾಮಿ ಈ ಕಥೆಯನ್ನು ವರ್ಷಗಟ್ಟಲೆ ಹೇಳಿದ, ಒಂದೊಂದು ಸಲಕ್ಕೂ ಬ್ಯಾಟರಿ ನೀರಿನ ಒಂದೊಂದು ಕ್ಯಾನು ಹೆಚ್ಚಿಸಿ. ರಂಗನಾಯಕ ಪಕ್ಕದಲ್ಲೇ ಕೂತು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಬ್ಯಾಟರಿ ನೀರು ತುಂಬು ಎಂದದ್ದು ಮಂಟೇಸ್ವಾಮಿಯೇ ಎಂದು ಅವನು ಯಾವತ್ತೂ ಹೇಳಲಿಲ್ಲ.