ತೊಳೆಯದ ಬಾಟಲಿ

ಸಿಂಪಿ ಮರಿಗಳನ್ನು ಸಾಕುವ ಕೇಂದ್ರದ ಪಾಚಿಕೋಣೆಯಲ್ಲಿ ಅತ್ತೆ ಹನ್ನೊಂದು ವರ್ಷದಿಂದ ಕೆಲಸಕ್ಕಿದ್ದಳು. ಸೊಸೆ ಡಿಪ್ಲೊಮಾ ಮುಗಿಸಿ ಅಲ್ಲಿಗೇ ಸೇರಿ ಎರಡು ತಿಂಗಳಾಗಿತ್ತು. ಒಂದೇ ಜೀವಕೋಶದ, ಬರಿಗಣ್ಣಿಗೆ ಕಾಣದ ಕಡಲ ಪಾಚಿಯನ್ನು ಬಾಟಲಿಗಳಲ್ಲಿ ಬೆಳೆಸಿ ಮರಿಗಳಿಗೆ ಉಣಿಸುವುದು ಅವರ ಕೆಲಸ. ವಾರಕ್ಕೊಮ್ಮೆ ಹಳೆ ಬಾಟಲಿಯಿಂದ ಒಂದಿಷ್ಟು ತೆಗೆದು ಹೊಸ ನೀರಿಗೆ ಹಾಕಬೇಕು. ಅತ್ತೆ ಅದನ್ನು ಹೆಪ್ಪು ಹಾಕುವುದು ಎನ್ನುತ್ತಿದ್ದಳು.

ಸೊಸೆ ಮೊದಲ ದಿನವೇ ಸೂಕ್ಷ್ಮದರ್ಶಕದಲ್ಲಿ ಇಣುಕಿ ಮುಖ ಹಿಂಡಿದ್ದಳು. ಪಾಚಿಯ ಸುತ್ತ ಬ್ಯಾಕ್ಟೀರಿಯಾ ಮುತ್ತಿಕೊಂಡಿದ್ದವು.

"ಅತ್ತೆ, ಇದು ಬಾಟಲಿಯಲ್ಲ, ಛತ್ರ."

"ಇದ್ರೆ ಇರ್ಲಿ ಬಿಡೇ. ನಿನ್ನ ತಟ್ಟೆಗೆ ಕೈ ಹಾಕಿದಾವಾ?"

ಅತ್ತೆ ಮೊಣಕಾಲಿನ ಚಿಕಿತ್ಸೆಗೆಂದು ತಿಂಗಳು ರಜೆ ಹಾಕಿದಳು. ಸೊಸೆ ಔಷಧಿ ಹಾಕಿ ಬ್ಯಾಕ್ಟೀರಿಯಾ ಕೊಂದಳು, ಹಳೆ ಬಾಟಲಿಗಳನ್ನೆಲ್ಲ ಬ್ಲೀಚಿಂಗ್ ನೀರಿನಲ್ಲಿ ತಿಕ್ಕಿದಳು, ಹೊಸವಕ್ಕೆ 'ಶುದ್ಧ' ಎಂದು ಚೀಟಿ ಅಂಟಿಸಿದಳು. ಮ್ಯಾನೇಜರ್ ಹೊಗಳಿದ. ಮೊದಲ ವಾರ ಪಾಚಿ ಜೇನುಬಣ್ಣಕ್ಕೆ ಬೆಳೆಯಿತು. ಎರಡನೆಯ ವಾರ ತೆಳ್ಳಗಾಯಿತು. ಮೂರನೆಯ ವಾರ ಬಾಟಲಿಯ ಹಿಂದೆ ಕೈಯಿಟ್ಟರೆ ಬೆರಳು ಎಣಿಸಬಹುದಿತ್ತು.

ಅತ್ತೆ ಕೋಲೂರಿಕೊಂಡು ವಾಪಸ್ ಬಂದಾಗ ಎರಡು ತೊಟ್ಟಿ ತುಂಬ ಮರಿಗಳಿದ್ದವು, ಮೇವು ಒಂದು ದಿನಕ್ಕಾಗುವಷ್ಟಿತ್ತು.

"ಏನ್ ಮಾಡ್ದೆ?"

"ಪುಸ್ತಕದಲ್ಲಿದ್ದ ಹಾಗೇ ಶುದ್ಧ ಮಾಡ್ದೆ."

"ಗೊಬ್ಬರ?"

"ನೀವು ಹಾಕ್ತಿದ್ದದ್ದೇ. ಅದನ್ನ ಬದಲಾಯಿಸ್ಲಿಲ್ಲ."

ಹೇಳುತ್ತಿದ್ದಂತೆ ಸೊಸೆಗೆ ಏನೋ ಹೊಳೆಯಿತು. ಪುಸ್ತಕ ತೆರೆದು ತಾನು ಹಾರಿಸಿದ್ದ ಸಾಲು ಹುಡುಕಿದಳು. ಈ ಪಾಚಿಗೆ ಬೇಕಾದ ಒಂದು ವಿಟಮಿನ್ನನ್ನು ಅದು ತಾನೇ ತಯಾರಿಸಿಕೊಳ್ಳಲಾರದು. ಬ್ಯಾಕ್ಟೀರಿಯಾ ತಯಾರಿಸಿ ಕೊಡುತ್ತವೆ. ಪಾಚಿ ಸೋರಿಸುವ ಸಕ್ಕರೆ ತಿಂದು ಬದುಕುತ್ತವೆ. ಶುದ್ಧ ಮಾಡಿದರೆ ವಿಟಮಿನ್ ಹೊರಗಿನಿಂದ ಹಾಕಬೇಕು. ತೊಳೆಯುವುದನ್ನು ಅವಳು ಪುಸ್ತಕದಿಂದ ಕಲಿತಿದ್ದಳು, ಉಣಿಸುವುದನ್ನು ಅತ್ತೆಯಿಂದ. ಎರಡರ ನಡುವೆ ಪಾಚಿ ಉಪವಾಸ ಬಿದ್ದಿತ್ತು.

ವಿಟಮಿನ್ ಬರಲು ಹತ್ತು ದಿನ ಬೇಕೆಂದು ಅಂಗಡಿಯವರು ಫೋನಿನಲ್ಲಿ ಹೇಳಿದರು.

"ಅಡುಗೆಯವಳನ್ನ ಓಡಿಸಿ, ಊಟ ಎಲ್ಲಿ ಅಂತ ಕೇಳಿದ ಹಾಗಾಯ್ತು," ಎಂದಳು ಅತ್ತೆ. ಒರೆಸುವ ಬಟ್ಟೆಗಳ ಬೀರು ತೆರೆದು ಚಿಂದಿಗಳ ಹಿಂದಿನಿಂದ ಒಂದು ಬಾಟಲಿ ಎಳೆದಳು. ಕತ್ತಲಲ್ಲಿ ಪಾಚಿ ಸತ್ತು ತಳಕ್ಕಿಳಿದಿತ್ತು. ಕತ್ತಿನ ಸುತ್ತ ಲೋಳೆ.

"ಬಚ್ಚಿಟ್ಟಿದ್ರಾ?"

"ನಿನ್ನ ತಿಕ್ಕೋ ಚಟ ನಂಗೊತ್ತಿಲ್ವಾ? ಮನೇಲಿ ನನ್ನ ಬಾಣಲೆ ತೂತು ಬಿದ್ದದ್ದು ಹೇಗೆ?"

ಸೊಸೆ ಒಂದು ಹನಿ ನೋಡಿದಳು. ಪಾಚಿ ಒಂದೂ ಜೀವಂತವಿರಲಿಲ್ಲ. ಬ್ಯಾಕ್ಟೀರಿಯಾ ಗಿಜಿಗುಡುತ್ತಿದ್ದವು. ಪ್ರತಿ 'ಶುದ್ಧ' ಬಾಟಲಿಗೂ ಅದರಿಂದ ನಾಲ್ಕು ಚಮಚ ಹಾಕಿದಳು. ಚೀಟಿಗಳನ್ನು ಕಿತ್ತಳು.

ಎರಡನೆಯ ದಿನ ಮೇವು ಮುಗಿಯಿತು. ನಾಲ್ಕನೆಯ ದಿನ ಚಿಕ್ಕ ಮರಿಗಳ ತೊಟ್ಟಿಯಲ್ಲಿ ಎಲ್ಲವೂ ಸತ್ತು ತಳಕ್ಕಿಳಿದವು. ಸೊಸೆಯೇ ಸೋಸಿದಳು, ಅತ್ತೆ ಜಾಲರಿ ಹಿಡಿದಳು.

ಮ್ಯಾನೇಜರ್ ಬಾಗಿಲಲ್ಲಿ ನಿಂತ. "ಯಾರ ತಪ್ಪಮ್ಮ ಇದು?"

"ಪಾಚಿಕೋಣೇದು ಸಾರ್," ಎಂದಳು ಅತ್ತೆ.

"ನಂದು ಸಾರ್," ಎಂದಳು ಸೊಸೆ.

"ಇನ್ನೊಂದು ತೊಟ್ಟಿನಾದ್ರೂ ಉಳಿಸಿ," ಎಂದು ಅವನು ಹೋದ.

"ಬಾಯಿ ಮುಚ್ಕೊಂಡಿರೋಕೆ ಏನಾಗಿತ್ತು ಮಹರಾಯ್ತಿ?" ಅತ್ತೆ ಗೊಣಗಿದಳು.

ಐದನೆಯ ದಿನ ಬೆಳಿಗ್ಗೆ ಸೊಸೆ ಬಾಟಲಿಯ ಹಿಂದೆ ಕೈಯಿಟ್ಟಳು. ಬೆರಳು ಕಾಣಲಿಲ್ಲ. ಇನ್ನೊಂದು ಬಾಟಲಿ; ಅಲ್ಲೂ ಕಾಣಲಿಲ್ಲ. ಇಬ್ಬರೂ ದೊಡ್ಡ ಮರಿಗಳ ತೊಟ್ಟಿಗೆ ಮೇವು ಸುರಿದರು. ಸಂಜೆಯ ಹೊತ್ತಿಗೆ ಮರಿಗಳ ಹೊಟ್ಟೆ ಮೇವು ತುಂಬಿ ಕಂದುಬಣ್ಣಕ್ಕೆ ತಿರುಗಿತ್ತು.

ಮೇಜು ಒರೆಸಿ ಸೊಸೆ ಸಿಂಕಿನತ್ತ ನಡೆದಳು.

"ಏಯ್, ಎಲ್ಲಿಗೆ?"

"ಕೈ ತೊಳ್ಕೊಳ್ಳೋಕೆ ಅತ್ತೆ."

"ಕೈಯಲ್ಲಿ ಆ ಬಾಟಲಿ ಯಾಕೆ?"

ಸೊಸೆ ನೋಡಿಕೊಂಡಳು. ಲೋಳೆ ಬಾಟಲಿಯನ್ನು ಬೀರುವಿಗೆ ಹಿಂದಿರುಗಿಸಿದಳು.