ಕಡಿಮೆ ಕೂಗಿದವನ ಪಾಲು

ನನ್ನ ಗಂಡ ಏಮಸ್ ಟ್ಯಾಕೆಟ್ ನಮ್ಮ ಕೌಂಟಿಯ ಶೆರೀಫ. ಕಳ್ಳರನ್ನು ಹಿಡಿದದ್ದಕ್ಕಿಂತ ಅವನು ಹರಾಜು ಕೂಗಿದ್ದೇ ಹೆಚ್ಚು: ದಾರಿ ತಪ್ಪಿ ಬಂದ ಕುದುರೆ, ತೆರಿಗೆ ಕಟ್ಟದವನ ಹೊಲ, ವರ್ಷಕ್ಕೊಮ್ಮೆ ದಿಕ್ಕಿಲ್ಲದ ಮುದುಕರು. ಮುದುಕರ ಹರಾಜು ಮೇಲೇರುವುದಿಲ್ಲ, ಇಳಿಯುತ್ತದೆ. ಸಾಕುವುದಕ್ಕೆ ಕೌಂಟಿಯಿಂದ ಯಾರು ಕಡಿಮೆ ಹಣ ಕೇಳುತ್ತಾನೋ ಮುದುಕರು ಅವನ ಪಾಲಿಗೆ.

ಹಿಂದಿನ ವರ್ಷ ಮುದುಕ ಜೋನಸ್ ಹೀಗೆ ಹಾರ್ಲನ್ ಸ್ಟ್ರೌಡನ ಪಾಲಾದ. ಚಳಿಗಾಲದಲ್ಲಿ ಸ್ಟ್ರೌಡನ ಮೆಕ್ಕೆಜೋಳದ ಕಣಜದೊಳಗೆ ಸತ್ತ. ಹೆಣ ತೊಳೆದವಳು ನಾನು. ಬಾಯಿ ತುಂಬ ಹಸಿ ಕಾಳು. ಏಮಸ್‌ಗೆ ಹೇಳಿದರೆ, ಕಾನೂನು ಹಾಗಿದೆ ಎಂದ.

ಈ ಸಲ ಕೆಝಾಯ, ಕಣ್ಣು ಹೋದ ಸೂಲಗಿತ್ತಿ. ಪ್ರಾರ್ಥನೆಮನೆಯಲ್ಲಿ ಅವಳು ದೇವರ ಹಾಡನ್ನು ಒಂದೊಂದೇ ಸಾಲು ಹೇಳಿಕೊಡುತ್ತಿದ್ದಳು, ನಾವು ಹಿಂದೆ ಹಾಡುತ್ತಿದ್ದೆವು. ನನಗೆ ಓದು ಬಾರದು. ನನಗೆ ಗೊತ್ತಿರುವ ದೇವರ ಮಾತೆಲ್ಲ ಅವಳ ದನಿಯಲ್ಲೇ ಇದೆ.

ನ್ಯಾಯಾಲಯದ ಮೆಟ್ಟಿಲ ಮೇಲೆ ಅವಳನ್ನು ನಿಲ್ಲಿಸಿದರು. ಒಬ್ಬ ಇಪ್ಪತ್ತು ಡಾಲರ್ ಎಂದ. ಸ್ಟ್ರೌಡ್ ಹನ್ನೆರಡು ಎಂದ.

"ಕುರುಡಿಗೆ ದೀಪದ ಖರ್ಚಾದ್ರೂ ಉಳೀತದಲ್ಲ."

ಜನ ನಕ್ಕರು. ನಕ್ಕವರಲ್ಲಿ ಅರ್ಧ ಜನರ ಹೊಕ್ಕುಳಬಳ್ಳಿ ಕೊಯ್ದವಳು ಅವಳೇ.

ನನಗೆ ಒಂದು ಕಾಸೂ ಬೇಡ, ನನ್ನ ಮನೆಗೆ ಕಳಿಸಿ ಎಂದೆ. ಹೆಂಡತಿ ಕೂಗಿದರೆ ಗಂಡ ಕೂಗಿದಂತೆ, ಶೆರೀಫ ತನ್ನ ಹರಾಜಿನಲ್ಲಿ ತಾನೇ ಕೂಗುವಂತಿಲ್ಲ ಎಂದರು ನ್ಯಾಯಾಧೀಶರು. ಏಮಸ್ ನನ್ನ ಮುಖ ನೋಡಲಿಲ್ಲ. ಮೂರು ಸಲ ಕೂಗಿ ಅವಳನ್ನು ಸ್ಟ್ರೌಡನಿಗೆ ಕೊಟ್ಟುಬಿಟ್ಟ.

ಸ್ಟ್ರೌಡ್ ಗಾಡಿ ಹೂಡುವಷ್ಟರಲ್ಲಿ ನಾನು ಕೆಝಾಯಳ ಕೈ ಹಿಡಿದು ಮನೆಗೆ ನಡೆದಿದ್ದೆ. ಬಾಗಿಲಿಗೆ ಅಗುಳಿ ಹಾಕಿದೆ.

ಏಮಸ್, ಸ್ಟ್ರೌಡ್ ಇಬ್ಬರೂ ಹಿಂದೆಯೇ ಬಂದರು, ಏಮಸ್‌ನ ಕೈಯಲ್ಲಿ ಅವಳನ್ನು ಒಪ್ಪಿಸಬೇಕೆಂಬ ನ್ಯಾಯಾಧೀಶರ ಆಜ್ಞೆ.

"ಬಾಗ್ಲು ತೆಗಿ, ಡಾರ್ಕಸ್."

"ಜೋನಸ್‌ನ ಬಾಯಿಂದ ಕಾಳು ತೆಗೆದದ್ದು ನಾನು. ನೀನಲ್ಲ. ತೆಗೆಯಲ್ಲ, ಹೋಗು."

"ಒದ್ದು ಒಡಿಯಯ್ಯ," ಎಂದ ಸ್ಟ್ರೌಡ್. "ಹೆಂಡ್ತಿಗೆ ಹೆದರೋ ಶೆರೀಫನ್ನ ಇವತ್ತೇ ನಾನು ನೋಡಿದ್ದು."

ಆಚೆ ಏಮಸ್ ಆಜ್ಞೆಯ ಕಾಗದ ಮಡಚಿದ ಸದ್ದು ಕೇಳಿಸಿತು.

"ಒಳಗೆ ಕೊಲೆಗಾರ ಇದ್ರೆ ಒಡೀಬಹುದು," ಎಂದ ಏಮಸ್. "ಇಂಥ ಆಜ್ಞೆಗೆ ಹೊರಬಾಗ್ಲು ಒಡೆಯೋ ಹಕ್ಕು ಶೆರೀಫನಿಗಿಲ್ಲ. ಒಳಗಿರೋರೇ ತೆಗೀಬೇಕು."

"ನಿನ್ನ ಮನೇನೇ ಅಲ್ವೇನಯ್ಯ ಇದು."

"ಯಾರ ಮನೆ ಆದ್ರೂ ಅಷ್ಟೆ. ನೀನು ಒಡೆದ್ರೆ ನಿನ್ನನ್ನ ಜೈಲಿಗೆ ಹಾಕ್ತೀನಿ."

ಗಾಡಿ ಬರಿದಾಗಿ ಹೋಯಿತು. ಏಮಸ್ ಹೊಸ್ತಿಲ ಆಚೆ ನಿಂತೇ ಇದ್ದ. ಅದೇ ಬಾಯಿ, ಅದೇ ಕಾನೂನು. ಜೋನಸ್‌ಗೆ ಮಾತ್ರ ಹಾಕಿಕೊಳ್ಳಲು ಬಾಗಿಲಿರಲಿಲ್ಲ.

"ನಿನ್ ಗಂಡ ಉಂಡ್ನೇನೇ?" ಎಂದು ಕೆಝಾಯ ಒಲೆಯ ಪಕ್ಕದಿಂದ ಕೇಳಿದಳು.

ಇಲ್ಲ ಎಂದೆ. ಅವಳಿಗೆ ರೊಟ್ಟಿ ಮುರಿದುಕೊಟ್ಟೆ. ಏಮಸ್‌ನ ಹೆಜ್ಜೆ ರಾತ್ರಿ ಕಳೆಯಲು ಜೈಲಿನ ಕಡೆಗೆ ಹೋಗುವುದು ಕೇಳಿಸಿತು. ನಾನು ಅಗುಳಿ ತೆಗೆಯಲಿಲ್ಲ.