ಕೆಳಗಿನ ಡ್ರಾಯರು

ದೊಡ್ಡಪ್ಪ ನೆಲದ ಮೇಲೆ ಕೂತು ಬೀರುವಿನ ಡ್ರಾಯರು ಸಲೀಸಾಗಿ ಜಾರಲೆಂದು ಅದರ ಪಕ್ಕಗಳಿಗೆ ಮೇಣದಬತ್ತಿ ಉಜ್ಜುತ್ತಿದ್ದರು. ನಾನು ಎದುರಿಗೆ ಕೂತು ಅದು ಅಲುಗದಂತೆ ಹಿಡಿದಿದ್ದೆ. ಮೇಲಿನ ಡ್ರಾಯರು ಮುಗಿದು ನಡುವಿನದು ನಡೆಯುತ್ತಿತ್ತು. ಕೆಳಗಿನದು ಮಾತ್ರ ಬೀರುವಿನೊಳಗೇ ಕಚ್ಚಿಕೊಂಡಿತ್ತು. ಮಳೆ ಹಿಡಿದಾಗಿನಿಂದ ಅದು ಬಾಯಿ ಬಿಟ್ಟಿರಲಿಲ್ಲ.

ಆ ಬೀರುವನ್ನು ದೊಡ್ಡಪ್ಪ ಕೈಯಾರೆ ಮಾಡಿದ್ದು. ಮಗಳು ಹುಟ್ಟಿದ ವರ್ಷ, ಅಲ್ಲಿ, ಆ ಚಳಿಯ ಊರಿನಲ್ಲಿ, ಮರದ ಕಾರ್ಖಾನೆಯ ಕೆಲಸ ಮುಗಿದ ಮೇಲೆ ದಿನವೂ ಉಳಿದುಕೊಂಡು ಮಾಡಿದ್ದರು. ಅಲ್ಲಿನ ಒಣ ಗಾಳಿಗೆ ಹಿಡಿದ ಅಳತೆ. ಸಂದಿನಲ್ಲಿ ಕಾಗದವೂ ತೂರುತ್ತಿರಲಿಲ್ಲ, ಆದರೂ ಒಂದೇ ಬೆರಳಿನಲ್ಲಿ ಎಳೆದರೆ ಬರುತ್ತಿತ್ತು. ಅದಿಲ್ಲದೆ ತಾನು ಇಲ್ಲಿಗೆ ಬರುವುದಿಲ್ಲ ಎಂದು ದೊಡ್ಡಮ್ಮ ಹಟ ಹಿಡಿದದ್ದರಿಂದ ಹಡಗಿನಲ್ಲಿ ತರಿಸಿದರು. ಈ ದೇಶದ ತೇವ ಕುಡಿದು ಮರ ಉಬ್ಬುತ್ತದೆ ಎಂಬುದು ಜೀವಮಾನವೆಲ್ಲ ಮರದ ಜೊತೆಗೇ ಕಳೆದ ಅವರಿಗೆ ಆಗ ಹೊಳೆಯಲಿಲ್ಲ.

ನನ್ನ ಅಮ್ಮ ದೊಡ್ಡಮ್ಮನ ತಂಗಿ. ಅವಳು ಹಾಸಿಗೆ ಹಿಡಿದಾಗ ಶಾಲೆ ಬಿಟ್ಟೆ, ಅವಳು ಹೋದ ಮೇಲೆ ದೊಡ್ಡಮ್ಮನ ಮನೆ ಸೇರಿದೆ. ಅವರು ಊರು ಬಿಟ್ಟಾಗ ಬೀರುವಿನ ಹಾಗೆ ನಾನೂ ಹಿಂದೆ ಬಂದೆ.

ದೊಡ್ಡಪ್ಪನ ಪಿಂಚಣಿ ಅಲ್ಲಿ ಬಾಡಿಗೆಗೂ ಚಳಿಗಾಲದ ಕರೆಂಟಿಗೂ ಸರಿಹೋಗುತ್ತಿತ್ತು. ಅದೇ ದುಡ್ಡಿನಲ್ಲಿ ಇಲ್ಲಿ ಜಗಲಿಯಿರುವ ಮನೆ, ಕರೆದಾಗ ಬರುವ ಡಾಕ್ಟರು, ವರ್ಷವಿಡೀ ಬಿಸಿಲು ಎಂದು ಹೇಳಿ ಹೇಳಿ ಎಳೆತಂದವರು ಅವರ ಕಾರ್ಖಾನೆಯ ಗೆಳೆಯ, ನಮಗಿಂತ ಮೊದಲೇ ಬಂದು ನೆಲೆಸಿದ್ದವರು. ಬೆಲೆ ಹೇಳದೆ ಅವರ ಬಾಯಿಂದ ಮಾತೇ ಹೊರಡುವುದಿಲ್ಲ. ದೊಡ್ಡಮ್ಮ ಅವರಿಗೆ ಅಗ್ಗದಪ್ಪ ಎಂದು ಹೆಸರಿಟ್ಟಿದ್ದರು.

"ಎರಡು ಮಳೆಗಾಲ ನೋಡೋಣ. ನಿನಗೆ ಒಗ್ಗದಿದ್ರೆ ವಾಪಸ್ಸು. ಮಗಳ ಮನೇಲಿ ಒಂದು ಕೋಣೆ ಇದ್ದೇ ಇದೆಯಲ್ಲ," ಎಂದು ಹೊರಡುವ ಮುಂಚೆ ದೊಡ್ಡಪ್ಪ ದೊಡ್ಡಮ್ಮನಿಗೆ ಮಾತು ಕೊಟ್ಟಿದ್ದರು. ಎರಡನೆಯ ಮಳೆಗಾಲ ಮುಗಿಯುತ್ತ ಬಂದಿತ್ತು. ದೊಡ್ಡಮ್ಮನಿಗೆ ಒಗ್ಗಿರಲಿಲ್ಲ. ಅಲ್ಲಿ ಪರದೆ ಹೊಲಿಯುವ ಅಂಗಡಿಯಲ್ಲಿ ಸೂಜಿಗಿಂತ ಜೋರಾಗಿ ಬಾಯಿ ಓಡಿಸುತ್ತಿದ್ದವರು ಇಲ್ಲಿ ಭಾಷೆ ಬಾರದೆ ತರಕಾರಿಯವನ ಮುಂದೆ ಬೆರಳು ತೋರಿಸಿ, ನಕ್ಕು, ತಲೆಯಾಡಿಸಿ ಬರುತ್ತಿದ್ದರು. ಅವರ ಚಳಿಗಾಲದ ಉಣ್ಣೆ ಕೋಟು ಆ ಕೆಳಗಿನ ಡ್ರಾಯರಿನಲ್ಲಿತ್ತು. ಅದನ್ನು ತೆಗೆದು ಬಿಸಿಲಿಗೆ ಹಾಕಬೇಕು, ಬರುತ್ತೇವೆ ಎಂದು ಮಗಳಿಗೆ ಹೇಳಬೇಕು. ಬೆಳಗ್ಗೆ ಎದ್ದಾಗಿನಿಂದ ಅವರಿಗೆ ಅದೇ ಧ್ಯಾನ.

ಅಷ್ಟರಲ್ಲಿ ಅಗ್ಗದಪ್ಪ ಬಂದರು.

"ಏನಯ್ಯಾ, ಬೀರುಗೂ ಮಂಡಿನೋವಾ? ಮುಲಾಮು ಹಚ್ತಿದ್ದೀಯ. ಎರಡು ಸಲ ಹತ್ತರಿ ಹಾಕಿ ಹೆರೆದುಬಿಡು, ಮುಗೀತು. ಬಡಗಿ ಬೇಕಾದ್ರೆ ಕರೆಸ್ತೀನಿ, ಇಲ್ಲಿ ಕೂಲಿ ಅಗ್ಗ."

"ಬಡಗಿ ಮನೆಗೇ ಬಡಗೀನ ಕರೆಸ್ತೀಯಾ? ಮಾನ ಕಳೀಬೇಡ ಕಣಯ್ಯಾ," ಎಂದರು ದೊಡ್ಡಪ್ಪ.

"ಹೆರೆಯೋದು ಬೇಡ," ದೊಡ್ಡಮ್ಮ ಅಡುಗೆಮನೆಯಿಂದಲೇ ಹೇಳಿದರು. "ಇಲ್ಲಿಗೆ ಸರಿಯಾಗೋ ಹಾಗೆ ಹೆರೆದ್ರೆ ಅಲ್ಲಿಗೆ ಹೋದ್ಮೇಲೆ ಲಡಬಡ ಅನ್ನುತ್ತೆ."

"ಅಲ್ಲಿಗ್ಯಾಕೆ ಅತ್ತಿಗೆ? ಅಲ್ಲಿ ಒಂದು ನಿಂಬೆಹಣ್ಣಿನ ದುಡ್ಡಿಗೆ ಇಲ್ಲಿ ಬುಟ್ಟಿ ತುಂಬ ಬರುತ್ತೆ."

"ಬುಟ್ಟಿ ತುಂಬ ಇಟ್ಕೊಂಡು ಯಾರ ಜೊತೆ ಮಾತಾಡ್ಲಿ? ನಿಂಬೆಹಣ್ಣಿನ ಜೊತೆನಾ?"

ದೊಡ್ಡಪ್ಪ ನಕ್ಕರು. ಹತ್ತರಿ ಅವರ ಪಕ್ಕದಲ್ಲೇ ಇತ್ತು. ಬೀರು ಬಿಗಿಯಾದಾಗಲೆಲ್ಲ ಅದನ್ನು ತಂದು, ಅಲಗು ಮಸೆದು, ಒರೆಸಿ ಇಟ್ಟುಕೊಳ್ಳುತ್ತಿದ್ದರು. ಕೊನೆಗೆ ಕೈಗೆತ್ತಿಕೊಳ್ಳುತ್ತಿದ್ದದ್ದು ಮಾತ್ರ ಮೇಣದಬತ್ತಿಯನ್ನು. ಇದನ್ನು ನಾನು ನೋಡಿದ್ದೆ, ಯಾರಿಗೂ ಹೇಳಿರಲಿಲ್ಲ.

ಗೆಳೆಯರಿಬ್ಬರೂ ಸೇರಿ ಕೆಳಗಿನ ಡ್ರಾಯರನ್ನು ಎಳೆದರು. ಅದು ಕಿರ್ರೆಂದು ಒಮ್ಮೆಲೇ ಹೊರಬಂದು ಅಗ್ಗದಪ್ಪನನ್ನು ಹಿಂದಕ್ಕೆ ಕೆಡವಿತು.

"ಸೊಂಟದ ಎಕ್ಸ್‌ರೇನೂ ಇಲ್ಲಿ ಅಗ್ಗ ತಾನೇ?" ಎಂದರು ದೊಡ್ಡಮ್ಮ. ತುಂಬ ದಿನಗಳ ಮೇಲೆ ಅವರ ಮುಖ ಅರಳಿತ್ತು.

ಅಗ್ಗದಪ್ಪ ಸೊಂಟ ಹಿಡಿದುಕೊಂಡು ಮನೆಗೆ ಹೋದರು. ಕೋಟಿನ ಕಾಲರಿಗೆ ಬಿಳಿ ಬೂಷ್ಟು ಹಿಡಿದಿತ್ತು. ನಾನು ಒದ್ದೆ ಬಟ್ಟೆಯಲ್ಲಿ ಒರೆಸಿ ಹಿತ್ತಲಿನ ತಂತಿಗೆ ನೇತುಹಾಕಿದೆ. ಆ ಸೆಕೆಯಲ್ಲಿ ಅದು ದಾರಿ ತಪ್ಪಿ ಬಂದ ನೆಂಟನ ಹಾಗೆ ಕಾಣುತ್ತಿತ್ತು.

ಮಗಳ ಫೋನು ಬಂದಾಗ ದೊಡ್ಡಮ್ಮ ಕೈ ಒರೆಸಿಕೊಂಡು ಸ್ಪೀಕರ್ ಹಾಕಿದರು. "ಮುಂದಿನ ತಿಂಗಳು ಬಂದುಬಿಡ್ತೀವಿ ಕಣೇ. ಬೀರು ಸಮೇತ."

ಆ ಕಡೆ ಮಗಳು ದನಿ ತಗ್ಗಿಸಿದಳು.

"ಬಾಮ್ಮಾ, ಬೇಡ ಅಂತೀನಾ? ಆದ್ರೆ ಆ ಕೋಣೇನ ಮಗುಗೆ ಅಂತ ಮಾಡಿಬಿಟ್ವಿ. ಗೋಡೆಗೆ ಬಣ್ಣ ಎಲ್ಲ ಆಯ್ತು. 'ನಿಮ್ಮಮ್ಮ ಇಲ್ಲಿ ರಾಣಿ ಹಾಗಿದ್ದಾಳೆ, ವಾಪಸ್ಸು ಬರೋ ಮಾತೇ ಎತ್ತಲ್ಲ' ಅಂತ ಅಪ್ಪ ಫೋನ್ ಮಾಡಿದಾಗಲೆಲ್ಲ ಹೇಳ್ತಾನೇ ಇದ್ರಲ್ಲ. ಒಂದೆರಡು ವಾರ ಆದ್ರೆ ಹಾಲಲ್ಲೇ ಹಾಸಿ ಕೊಡ್ತೀನಿ."

ಮೇಣದಬತ್ತಿ ಉಜ್ಜುತ್ತಿದ್ದ ದೊಡ್ಡಪ್ಪನ ಕೈ ನಿಂತಿತು.

"ಒಳ್ಳೇದೇ ಮಾಡಿದೆ ಬಿಡು," ಎಂದರು ದೊಡ್ಡಮ್ಮ. "ಅಲ್ಲಿ ಬಿಸಿಲು ಬೀಳೋದು ಅದೊಂದೇ ಕೋಣೆಗೆ. ಮಗುಗೆ ಬೇಕು." ಆಮೇಲೆ ಮಗುವಿನ ಹಲ್ಲಿನ ವಿಷಯ ಕೇಳಿ, ನಕ್ಕು, ಫೋನಿಟ್ಟರು.

"ನಾವಿಲ್ಲಿ ಕೊರಗ್ತಿದ್ದೀವಿ ಅಂದ್ರೆ ಅವಳಿಗೆ ನಿದ್ದೆ ಬರಲ್ಲ ಕಣೇ, ಅದಕ್ಕೇ ಹಾಗಂದೆ," ಎಂದರು ದೊಡ್ಡಪ್ಪ. "ಅವಳು ನಿಜ ಅಂದ್ಕೊಂಡ್ಲು."

ದೊಡ್ಡಮ್ಮ ಹಿತ್ತಲಿಗೆ ಹೋಗಿ ಕೋಟನ್ನು ತೆಗೆದುಕೊಂಡು ಬಂದರು. ಕಾಲರು ಇನ್ನೂ ಒಣಗಿರಲಿಲ್ಲ. ತೋಳುಗಳನ್ನು ಒಳಕ್ಕೆ ಮಡಿಸಿ ಡ್ರಾಯರಿನಲ್ಲಿಟ್ಟು ತಳ್ಳಿದರು. ಡ್ರಾಯರು ಅರ್ಧಕ್ಕೆ ನಿಂತಿತು. ಮೊಣಕಾಲು ಕೊಟ್ಟು ತಳ್ಳಿದರೂ ಅಲುಗಲಿಲ್ಲ.

"ಹೆರೀರಿ ಇದನ್ನ."

ದೊಡ್ಡಪ್ಪ ಹತ್ತರಿಯನ್ನು ಎತ್ತಿಕೊಂಡರು. ಅಲಗಿನ ಮೇಲೆ ಹೆಬ್ಬೆರಳು ಸವರಿ, ಹಾಗೇ ತೊಡೆಯ ಮೇಲಿಟ್ಟುಕೊಂಡು ಕೂತರು. ಅವರ ಬೆರಳುಗಳಿಗೆ ಇನ್ನೂ ಮೇಣ ಮೆತ್ತಿತ್ತು. ನಾನು ನೆಲ ನೋಡಿದೆ.

"ರೀ," ಎಂದರು ದೊಡ್ಡಮ್ಮ, "ಹೆರೆದುಬಿಡಿ."